ಗುರುತಿನ ಕಳವು: ಪೊಲೀಸ್ ಅಂಕಿಅಂಶಗಳು ಅಳೆಯುವುದೇನನ್ನು?

ಗುರುತಿನ ಕಳವಿನ ವ್ಯಾಪ್ತಿಯನ್ನು ಕುರಿತು ಬರೆಯುವವರು 2011ರಿಂದೀಚೆಗೆ ಫ್ಲೊರೆನ್ಸಿಯೊ ಮತ್ತು ಹರ್ಲಿ ಅವರ ಪ್ರಬಂಧವನ್ನು ಬದಿಗಿಟ್ಟು ಮುಂದೆ ಹೋಗುವಂತಿಲ್ಲ. ಅವರ ವಾದ ಸರಳ. ನಷ್ಟವೆಂಬುದು ಕೆಲವೇ ಜನರಲ್ಲಿ ದಟ್ಟೈಸಿರುತ್ತದೆ. ಹೆಚ್ಚಿಸಿ ಹೇಳುವವರು ಇರಬಹುದು, ಸೊನ್ನೆಗಿಂತ ಕಡಿಮೆ ನಷ್ಟ ಹೇಳುವವರು ಇರಲಾರರು. ಆದ್ದರಿಂದ ಸಮೀಕ್ಷೆಯ ತಪ್ಪುಗಳು ಒಂದನ್ನೊಂದು ಸರಿದೂಗಿಸದೆ ಮೇಲಕ್ಕೇ ಸೇರುತ್ತ ಹೋಗುತ್ತವೆ. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ 2006ರ ಸಮೀಕ್ಷೆಯಲ್ಲಿ ಇಬ್ಬರೇ ಇಬ್ಬರ ಉತ್ತರವನ್ನು ಒಪ್ಪಿದ್ದರೆ ಅಂದಾಜು 37 ಬಿಲಿಯನ್ ಡಾಲರಿನಷ್ಟು ಉಬ್ಬುತ್ತಿತ್ತು.

ಹಣದ ಮಟ್ಟಿಗೆ ಇದನ್ನು ಒಪ್ಪಲು ಅಡ್ಡಿಯಿಲ್ಲ. ತಕರಾರಿರುವುದು ಈ ವಾದವನ್ನು ಬಲಿಪಶುಗಳ ಸಂಖ್ಯೆಗೂ ಹಿಗ್ಗಿಸಿ, ಸಮೀಕ್ಷೆ ಪೊಳ್ಳು, ಠಾಣೆಯ ಲೆಕ್ಕವೇ ಗಟ್ಟಿ ಎಂದು ತೀರ್ಮಾನಿಸುವ ರೂಢಿಯ ಬಗ್ಗೆ. ವಿರಳ ಘಟನೆಗಳಲ್ಲಿ ನಾಲ್ಕಾರು ಸುಳ್ಳು ಉತ್ತರಗಳೇ ಎಣಿಕೆಯನ್ನು ಕೆಡಿಸುತ್ತವೆ, ನಿಜ. ಆದರೆ ಅಮೆರಿಕದ ನ್ಯಾಯಾಂಗ ಅಂಕಿಅಂಶ ಬ್ಯೂರೊ 2021ಕ್ಕೆ ಕೊಟ್ಟ ಲೆಕ್ಕ 2.39 ಕೋಟಿ ಜನ, ಅಂದರೆ 16 ದಾಟಿದವರಲ್ಲಿ ನೂರಕ್ಕೆ ಸುಮಾರು ಒಂಬತ್ತು. ಇದು ವಿರಳವಲ್ಲ.

ಭಾರತದಲ್ಲಿ ಠಾಣೆಯ ಲೆಕ್ಕ ಗಟ್ಟಿಯೇ? 2008ರ ತಿದ್ದುಪಡಿಯಲ್ಲಿ ಬಂದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಂ, ಇನ್ನೊಬ್ಬರ ಪಾಸ್‌ವರ್ಡ್ ಅಥವಾ ವಿಶಿಷ್ಟ ಗುರುತನ್ನು ಮೋಸದಿಂದ ಬಳಸುವುದನ್ನು ಅಪರಾಧವೆನ್ನುತ್ತದೆ. ಸೋಗು ಹಾಕಿ ವಂಚಿಸುವುದಕ್ಕೆ 66ಡಿ ಇದೆ. ಎರಡಕ್ಕೂ ಗರಿಷ್ಠ ಶಿಕ್ಷೆ ಒಂದೇ: ಮೂರು ವರ್ಷ ಸೆರೆ, ಒಂದು ಲಕ್ಷ ದಂಡ. ಹಳೆಯ ದಂಡಸಂಹಿತೆಯ 420ಕ್ಕೆ ಏಳು ವರ್ಷ. ಒಂದು ಎಫ್‌ಐಆರ್‌ನಲ್ಲಿ ಹಲವು ಕಲಂಗಳಿದ್ದರೆ ಹೆಚ್ಚು ಶಿಕ್ಷೆಯದನ್ನೇ ಎಣಿಸುವುದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ ನಿಯಮ. ಇದಕ್ಕೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 78ನೇ ಕಲಮನ್ನೂ ಸೇರಿಸಿ ನೋಡಬೇಕು: ಆ ಕಾಯ್ದೆಯಡಿಯ ತನಿಖೆ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರಿಗೆ ಸಲ್ಲದು. ಪಿಎಸ್‌ಐ ನಡೆಸುವ ಠಾಣೆಗೆ 420 ಹತ್ತಿರದ ದಾರಿ.

ಒಂದು ಉದಾಹರಣೆ. ಆಧಾರ್ ಆಧಾರಿತ ಪಾವತಿಯಲ್ಲಿ (ಎಇಪಿಎಸ್) ಹಣ ತೆಗೆಯಲು ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು, ಒಟಿಪಿ ಬೇಡ. 2023ರಲ್ಲಿ ಬೆಂಗಳೂರಿನಲ್ಲಿ ದಾಖಲಾದ ದೂರುಗಳಲ್ಲಿ ನೋಂದಾಯಿತ ಕ್ರಯಪತ್ರಗಳ ಪ್ರತಿಯಿಂದಲೇ ಹೆಬ್ಬೆಟ್ಟಿನ ಗುರುತು ಎತ್ತಿದ್ದು ಹೊರಬಿತ್ತು. 66ಸಿಗೆ ಇದಕ್ಕಿಂತ ಶುದ್ಧ ನಿದರ್ಶನ ಸಿಗಲಾರದು. ಆದರೂ ಅದೇ ಕೃತ್ಯವನ್ನು 66ಡಿ ಎಂದೋ 420 ಎಂದೋ ಬರೆದುಕೊಂಡರೆ ಕಾನೂನಿನ ದೃಷ್ಟಿಯಲ್ಲಿ ತಪ್ಪೇನೂ ಇಲ್ಲ.

ಆದ್ದರಿಂದ ನನ್ನ ಪ್ರತಿಪಾದನೆ ಇದು: ನಮ್ಮ ಗುರುತಿನ ಕಳವಿನ ಅಂಕಿಗಳು ಬಹುಮಟ್ಟಿಗೆ ಕಳವನ್ನಲ್ಲ, ಕಲಮಿನ ಆಯ್ಕೆಯನ್ನು ಅಳೆಯುತ್ತವೆ. ಬಹುಮಟ್ಟಿಗೆ ಎಂಬ ಮಾತನ್ನು ಬೇಕೆಂದೇ ಬಳಸಿದ್ದೇನೆ. ಬ್ಯೂರೊದ ಸೈಬರ್ ಅಧ್ಯಾಯದಲ್ಲಿ ದಂಡಸಂಹಿತೆಯ ಪ್ರಕರಣಗಳಿಗೂ ಸಾಲುಗಳಿವೆ. ಅಲ್ಲಿಗೆ ಸರಿದ ಪ್ರಕರಣ ಸೈಬರ್ ಲೆಕ್ಕದಿಂದ ತಪ್ಪಿಹೋಗುವುದಿಲ್ಲ, ಗುರುತಿನ ಕಳವೆಂಬ ಹೆಸರನ್ನಷ್ಟೇ ಕಳೆದುಕೊಳ್ಳುತ್ತದೆ. 2022ರ ಒಟ್ಟು 65,893 ಸೈಬರ್ ಪ್ರಕರಣಗಳಲ್ಲಿ ತೆಲಂಗಾಣದ್ದು 15,297, ಕರ್ನಾಟಕದ್ದು 12,556. ಎರಡೇ ರಾಜ್ಯಗಳಿಗೆ ನೂರಕ್ಕೆ ನಲವತ್ತಕ್ಕೂ ಮಿಕ್ಕ ಪಾಲು. ಜಿಲ್ಲೆಗಳಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗಳಿರುವುದರಿಂದ ನಮ್ಮಲ್ಲಿ ಹೆಚ್ಚು ದಾಖಲಾಗುತ್ತದೆ ಎಂಬುದು ನನಗೆ ಸಂಭವನೀಯವಾಗಿ ತೋರುತ್ತದೆ. ಬೆಂಗಳೂರು, ಹೈದರಾಬಾದುಗಳಲ್ಲಿ ಆನ್‌ಲೈನ್ ವ್ಯವಹಾರವೇ ಹೆಚ್ಚೆಂಬ ವಿವರಣೆಯನ್ನು ಇದು ಅಲ್ಲಗಳೆಯುವುದಿಲ್ಲ. ಇವು ಎಲ್ಲ ಬಗೆಯ ಸೈಬರ್ ಅಪರಾಧಗಳ ಸಂಖ್ಯೆ ಎಂಬುದನ್ನೂ ಮರೆಯುವಂತಿಲ್ಲ.

ಪರಿಣಾಮದ ವಿಷಯದಲ್ಲೂ ರೂಪಾಯಿಯ ಮೊತ್ತ ದಾರಿ ತಪ್ಪಿಸುತ್ತದೆ. ಎಇಪಿಎಸ್‌ನಲ್ಲಿ ಒಮ್ಮೆಗೆ ತೆಗೆಯಬಹುದಾದ್ದು 10,000 ರೂಪಾಯಿ. ಸರಾಸರಿಯಲ್ಲಿ ಇದು ಕಾಣಿಸುವುದೇ ಇಲ್ಲ; ವೃದ್ಧಾಪ್ಯ ವೇತನದ ಖಾತೆಗೆ ಅದೇ ಸರ್ವಸ್ವ. ಮೇಲಾಗಿ 2019ರ ತಿದ್ದುಪಡಿಯವರೆಗೆ ಆಧಾರ್ ಕಾಯ್ದೆಯಡಿ ನ್ಯಾಯಾಲಯಕ್ಕೆ ದೂರು ಕೊಡುವ ಹಕ್ಕು ಪ್ರಾಧಿಕಾರಕ್ಕಷ್ಟೇ ಇತ್ತು, ಬೆರಳಚ್ಚಿನ ಒಡೆಯನಿಗಲ್ಲ.

ಇಲ್ಲಿ ಬಗೆಹರಿಯದ ಪ್ರಶ್ನೆಯೊಂದು ಉಳಿಯುತ್ತದೆ. ಪಾಸ್‌ಬುಕ್ ಮುದ್ರಿಸಿಕೊಂಡ ದಿನವಷ್ಟೇ ಕಳವು ತಿಳಿಯುವವರ ನಡುವೆ ಸಮೀಕ್ಷೆ ನಡೆಸಿದರೆ ಅದೂ ಕೆಳಮುಖವಾಗಿಯೇ ತಪ್ಪಬಹುದು. ಹರ್ಲಿಯವರು ಹೇಳುವ ಮೇಲ್ಮುಖದ ತಪ್ಪನ್ನು ಅದು ಎಷ್ಟರಮಟ್ಟಿಗೆ ಸರಿದೂಗಿಸೀತು? ಬ್ಯಾಂಕುಗಳಲ್ಲಿರುವ ತಕರಾರು ಅರ್ಜಿಗಳನ್ನು ಎಫ್‌ಐಆರ್‌ಗಳೊಡನೆ ಹೋಲಿಸಿದರೆ ಉತ್ತರ ಸಿಗಬಹುದು. ಆ ಹೋಲಿಕೆಗೆ 2024ರ ಜೂನ್ ಕೊನೆಯವರೆಗಿನ ಪ್ರಕರಣಗಳನ್ನು ಬೇರೆಯಾಗಿಯೇ ಇಟ್ಟುಕೊಳ್ಳಬೇಕು. ಜುಲೈ 1ರಿಂದ 420ರ ಜಾಗಕ್ಕೆ ನ್ಯಾಯ ಸಂಹಿತೆಯ 318 ಬಂದಿದೆ.