ಎಗ್ಲಿಂಟನ್ನಿನ ಕವಚಧಾರಿಗಳು

ಆಂಗ್ಲ ದೊರೆಗಳ ಪಟ್ಟಾಭಿಷೇಕದ ಔತಣದಲ್ಲಿ ಪೂರ್ಣಕವಚ ತೊಟ್ಟ ವೀರನೊಬ್ಬನು ಕುದುರೆಯೇರಿ ಬಂದು, ಕೈಗವಸನ್ನೆಸೆದು, ಎದುರಾಳಿಗಳನ್ನು ಕಾಳಗಕ್ಕೆ ಕರೆಯುವ ವಾಡಿಕೆಯಿದ್ದಿತು. 1821ರ ತರುವಾಯ ಅದು ನಿಂತುಹೋಯಿತು. 1838ರಲ್ಲಿ ವಿಕ್ಟೋರಿಯಾ ರಾಣಿಯ ಪಟ್ಟಾಭಿಷೇಕದಲ್ಲಿಯೂ ಔತಣವನ್ನು ಕೈಬಿಡಲು, ಪ್ರಾಚೀನ ಕ್ಷಾತ್ರವೈಭವಕ್ಕೆ ಮನಸೋತಿದ್ದ ಕುಲೀನರಿಗೆ ಖೇದವುಂಟಾಯಿತು. ಸ್ಕಾಟ್ಲೆಂಡಿನಲ್ಲಿ ಎಗ್ಲಿಂಟನ್ನಿನ 13ನೆಯ ಅರ್ಲನು ತನ್ನ ಕೋಟೆಯ ಬಯಲಿನಲ್ಲಿ ಹಳೆಯ ರೀತಿಯ ಅಶ್ವಕಾಳಗವನ್ನು ನಡೆಸಲು ನಿಶ್ಚಯಿಸಿದನು.

ಲಂಡನ್ನಿನ ಸ್ಯಾಮ್ಯುಯಲ್ ಪ್ರಾಟ್ ಎಂಬ ವರ್ತಕನು ಕವಚ, ಡೇರೆ, ಪತಾಕೆಗಳನ್ನೆಲ್ಲ ಒದಗಿಸುವ ಹೊಣೆಯನ್ನು ಹೊತ್ತನು. ಅವನ ಮಳಿಗೆಯಲ್ಲಿ ಮೊದಲು ನೆರೆದವರು ಸುಮಾರು 150 ಮಂದಿ. ವೆಚ್ಚವೂ ಶ್ರಮವೂ ಎಷ್ಟೆಂದು ತಿಳಿದೊಡನೆ ಬಹುಮಂದಿ ಹಿಂಜರಿದರು. ಕಣಕ್ಕಿಳಿದವರು 13 ಮಂದಿ ಮಾತ್ರ. ಲೋಹದ ಉಡುಪು ಬಟ್ಟೆಯಂತಲ್ಲ. ಎದೆ, ತೋಳು, ತೊಡೆ, ಮೊಣಕಾಲುಗಳ ತಗಡುಗಳನ್ನು ಚರ್ಮದ ಪಟ್ಟಿಗಳಿಂದ ಒಂದೊಂದಾಗಿ ಬಿಗಿಯಬೇಕು. ಒಂದು ಕೀಲು ಸರಿಗೂಡದಿದ್ದರೆ ತೋಳೆತ್ತಲಾಗದು. ಮೈಯಳತೆಗೆ ಹೊಂದದ ಕವಚವು ಧರಿಸಿದವನಿಗೆ ಸೆರೆಯೇ ಸರಿ. ಆದುದರಿಂದ ಅವರು ಲಂಡನ್ನಿನಲ್ಲಿಯೇ ಪೂರ್ವಾಭ್ಯಾಸವನ್ನು ಕೈಗೊಂಡರು.

1839ನೆಯ ಆಗಸ್ಟ್ 28ರಂದು ಸುಮಾರು ಒಂದು ಲಕ್ಷ ಜನರು ಕೂಡಿದರು. ಅಷ್ಟರಲ್ಲಿ ಮಳೆಯು ಧಾರಾಕಾರವಾಗಿ ಸುರಿಯಿತು. ಆ ಕ್ರೀಡೆಯ ರಾಜನೆನಿಸಿದ್ದ ಲಂಡನ್‌ಡೆರಿಯ ಮಾರ್ಕ್ವಿಸನು ಕೊಡೆಯನ್ನು ಬಿಚ್ಚಿದನು! ನಾಡೆಲ್ಲ ನಕ್ಕಿತು, ಇಂದಿಗೂ ಆ ಉತ್ಸವವನ್ನು ನೆನೆವವರು ಮೊದಲು ಕೊಡೆಯನ್ನೇ ನೆನೆಯುತ್ತಾರೆ.

ಆದರೆ 30ರಂದು ಬಾನು ತಿಳಿಯಾಗಲು, ವೀರರು ಪುನಃ ಕವಚ ತೊಟ್ಟು, ಈಟಿ ಹಿಡಿದು ಕಣಕ್ಕಿಳಿದರೆಂಬುದನ್ನು ನಕ್ಕವರು ಮರೆತರು. ಪೂರ್ವಿಕರ ವೇಷವನ್ನು ಹಣದಿಂದ ಪಡೆಯಬಹುದು. ಅದನ್ನು ಹೊತ್ತು ನಡೆಯುವ ಶಕ್ತಿಯು ಅಭ್ಯಾಸದಿಂದಲೇ ಲಭಿಸತಕ್ಕದ್ದು.