ಧರ್ಮಪೀಠವೂ ಜನತಾ ಪಕ್ಷವೂ
ಕ್ರೈಸ್ತ ಪ್ರಜಾಪ್ರಭುತ್ವವಾದವು ಚರ್ಚಿನ ರಾಜಕೀಯ ಅಂಗವೆಂಬ ತಿಳಿವಳಿಕೆ ಸಾಮಾನ್ಯ. ಇಟಲಿಯ ಇತಿಹಾಸ ಇದನ್ನು ಪೂರ್ಣವಾಗಿ ಒಪ್ಪುವುದಿಲ್ಲ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೋ ತಮ್ಮ ‘ರೇರುಮ್ ನೊವಾರುಮ್’ ಪರಿಪತ್ರದಲ್ಲಿ ಕಾರ್ಮಿಕರ ಹಕ್ಕುಗಳನ್ನು ಎತ್ತಿಹಿಡಿದರು. ಆದರೆ ಇಟಲಿಯ ಕ್ಯಾಥೊಲಿಕರು ಸಂಸತ್ತಿನ ಚುನಾವಣೆಗಳಲ್ಲಿ ಭಾಗವಹಿಸಬಾರದೆಂಬ ನಿಷೇಧ ಮುಂದುವರಿಯಿತು. 1919ರಲ್ಲಿ ಇಟಲಿಯ ಜನತಾ ಪಕ್ಷವನ್ನು ಸ್ಥಾಪಿಸಿದ ಸಿಸಿಲಿಯ ಪಾದ್ರಿ ಲುಯಿಜಿ ಸ್ತುರ್ಜೋ, ಅದರ ಹೆಸರಿನಲ್ಲಿ ‘ಕ್ಯಾಥೊಲಿಕ್’ ಎಂಬ ಪದವನ್ನು ಉದ್ದೇಶಪೂರ್ವಕವಾಗಿಯೇ ಸೇರಿಸಲಿಲ್ಲ. ಧರ್ಮ ಸಾರ್ವತ್ರಿಕವಾದುದು, ಪಕ್ಷವಾದರೋ ವಿಭಜನೆ ಎಂಬುದು ಅವರ ವಾದ. ಅದೇ ವರ್ಷದ ಚುನಾವಣೆಯಲ್ಲಿ ಪಕ್ಷವು 100 ಸ್ಥಾನಗಳನ್ನು ಗಳಿಸಿತು. ಮುಸೊಲಿನಿಯೊಡನೆ ಹೊಂದಾಣಿಕೆ ಬಯಸಿದ ವ್ಯಾಟಿಕನ್ನಿನ ಒತ್ತಡದಿಂದ ಸ್ತುರ್ಜೋ 1923ರಲ್ಲಿ ನಾಯಕತ್ವವನ್ನೂ, ಮರುವರ್ಷ ದೇಶವನ್ನೂ ತೊರೆಯಬೇಕಾಯಿತು. 1945ರಲ್ಲಿ ಪ್ರಧಾನಿಯಾದ ಅಲ್ಚೀದೆ ದೆ ಗಾಸ್ಪೆರಿ ಆ ಪಕ್ಷದ ಕೊನೆಯ ಕಾರ್ಯದರ್ಶಿ. ಧರ್ಮಪೀಠವು ಕೈಬಿಟ್ಟ ಪರಂಪರೆಯೇ ಯುದ್ಧಾನಂತರದ ಇಟಲಿಯ ಆಡಳಿತದ ಹೊಣೆ ಹೊತ್ತಿತು.