ರಾತ್ರಿಯ ಬ್ಯಾಚ್ ಕೆಲಸಕ್ಕೆ ಎಷ್ಟು ಖಾಲಿ ಜಾಗ ಬೇಕು? ಮೇನ್‌ಫ್ರೇಮ್ ಡಿಸ್ಕಿನ ಸರಳ ಲೆಕ್ಕ

‘ಬ್ಯಾಂಕಿನ ಸರ್ವರ್ ಹ್ಯಾಕ್ ಆಗಿದೆ, ಕೂಡಲೇ ಹಣ ತೆಗೆಯಿರಿ’ ಎಂಬ ಫಾರ್ವರ್ಡ್ ನಮಗೆಲ್ಲ ಆಗಾಗ ಬರುತ್ತದೆ. ಆದರೆ ದೊಡ್ಡ ಕಂಪ್ಯೂಟರಿನ ಕೆಲಸ ನಿಲ್ಲಲು ಕಳ್ಳರೇ ಬರಬೇಕಿಲ್ಲ. ತಾತ್ಕಾಲಿಕ ಜಾಗ ಸಾಲದೆ ಹೋದರೂ ಸಾಕು.

ಮೇನ್‌ಫ್ರೇಮ್ ಹಳೆಯ ಕಾಲದ್ದು, ಈಗ ಯಾರೂ ಬಳಸುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ. ಐಬಿಎಂ ಸಂಸ್ಥೆ 1964ರಲ್ಲಿ ಪ್ರಕಟಿಸಿದ ಸಿಸ್ಟಂ/360ರ ವಂಶದ ಯಂತ್ರಗಳು ಇಂದಿಗೂ ದೊಡ್ಡ ಬ್ಯಾಂಕು, ವಿಮಾ ಕಂಪನಿಗಳಲ್ಲಿ ದುಡಿಯುತ್ತಿವೆ. ಬೆಂಗಳೂರಿನ ಎಷ್ಟೋ ಎಂಜಿನಿಯರುಗಳು ವಿದೇಶಿ ಬ್ಯಾಂಕುಗಳ ಮೇನ್‌ಫ್ರೇಮ್‌ಗಳನ್ನು ಇಲ್ಲಿಂದಲೇ ನೋಡಿಕೊಳ್ಳುತ್ತಾರೆ. ಬಡ್ಡಿ ಹಾಕುವುದು, ಸ್ಟೇಟ್‌ಮೆಂಟ್ ತಯಾರಿಸುವುದು ಮುಂತಾದ ರಾಶಿ ಕೆಲಸಗಳು ರಾತ್ರಿ ಸಾಲಾಗಿ ನಡೆಯುತ್ತವೆ. ಇವೇ ಬ್ಯಾಚ್ ಕೆಲಸಗಳು.

ತಾತ್ಕಾಲಿಕ ಜಾಗ ಏಕೆ?

ಪರೀಕ್ಷೆಯ ಉತ್ತರ ಪತ್ರಿಕೆಗಳ ಕಟ್ಟು ಕಂಕುಳಲ್ಲಿ ಹಿಡಿಸುತ್ತದೆ. ಅದನ್ನೇ ನಂಬರಿನ ಪ್ರಕಾರ ಜೋಡಿಸಲು ಕೂತರೆ ಇಡೀ ಕೋಣೆಯ ನೆಲ ಬೇಕು. ಕಂಪ್ಯೂಟರಿಗೂ ಹಾಗೆಯೇ. ದಾಖಲೆಗಳನ್ನು ವಿಂಗಡಿಸುವಾಗ ಅದು ಡಿಸ್ಕಿನಲ್ಲಿ ಕೆಲಸದ ಜಾಗ ಕೇಳುತ್ತದೆ, ಮುಗಿದ ಮೇಲೆ ಬಿಟ್ಟುಕೊಡುತ್ತದೆ. ಮೊಬೈಲಿನಲ್ಲಿ ಆ್ಯಪ್ ಅಪ್‌ಡೇಟ್ ಮಾಡುವಾಗ ಅದರ ಗಾತ್ರಕ್ಕಿಂತ ಹೆಚ್ಚು ಜಾಗ ಬೇಕಾಗುವುದೂ ಇಂಥದ್ದೇ ಕಾರಣಕ್ಕೆ.

ಲೆಕ್ಕ ಹಾಕೋಣ

ಐಬಿಎಂ 3390 ಮಾದರಿಯ ಡಿಸ್ಕಿನಲ್ಲಿ ಒಂದು ಟ್ರ್ಯಾಕ್‌ಗೆ ಗರಿಷ್ಠ 56,664 ಬೈಟ್, 15 ಟ್ರ್ಯಾಕ್‌ಗೆ ಒಂದು ಸಿಲಿಂಡರ್. ನಮ್ಮಲ್ಲಿ ತಲಾ 200 ಬೈಟ್‌ನ 50 ಲಕ್ಷ ದಾಖಲೆಗಳಿವೆ ಎನ್ನೋಣ.

• 139 ದಾಖಲೆ ಸೇರಿಸಿ 27,800 ಬೈಟ್‌ನ ಒಂದು ಬ್ಲಾಕ್ ಮಾಡಿದರೆ ಟ್ರ್ಯಾಕಿಗೆ ಎರಡು ಬ್ಲಾಕ್, ಅಂದರೆ 278 ದಾಖಲೆ ಹಿಡಿಸುತ್ತದೆ.
• 50 ಲಕ್ಷವನ್ನು 278ರಿಂದ ಭಾಗಿಸಿದರೆ 17,986 ಟ್ರ್ಯಾಕ್, ಅಂದರೆ 1,200 ಸಿಲಿಂಡರ್.
• ವಿಂಗಡಣೆಗೆ ಮೂಲದ ಒಂದೂವರೆ ಪಟ್ಟು ಇಟ್ಟುಕೊಂಡರೆ 1,800 ಸಿಲಿಂಡರ್. ಇದನ್ನು ಆರು ಫೈಲಿಗೆ ತಲಾ 300ರಂತೆ ಹಂಚಿದರೆ ಒಂದೇ ಡಿಸ್ಕಿನಲ್ಲಿ ಅಷ್ಟೂ ಜಾಗ ಹುಡುಕಬೇಕಿಲ್ಲ.

ಬ್ಲಾಕ್ ಮಾಡದೆ ಒಂದೊಂದೇ ದಾಖಲೆ ಬರೆದರೆ? ಪ್ರತಿ ದಾಖಲೆಯ ನಡುವೆ ತೆರಪು ಬೇಕಾಗುವುದರಿಂದ ಟ್ರ್ಯಾಕಿಗೆ 66 ಮಾತ್ರ ಹಿಡಿಸುತ್ತದೆ. ಆಗ ಅದೇ ಫೈಲಿಗೆ 5,051 ಸಿಲಿಂಡರ್ ಬೇಕು, ನಾಲ್ಕು ಪಟ್ಟಿಗಿಂತ ಹೆಚ್ಚು!

ಎಲ್ಲಿ ಎಡವುತ್ತಾರೆ?

ಜಾಗವನ್ನು ಎರಡು ಭಾಗವಾಗಿ ಕೇಳುತ್ತಾರೆ: ಮೊದಲ ಪಾಲು, ಸಾಲದಿದ್ದರೆ ಹೆಚ್ಚುವರಿ ಪಾಲು. ಸಾಮಾನ್ಯ ಫೈಲ್ ಒಂದು ಡಿಸ್ಕಿನಲ್ಲಿ 16 ತುಂಡುಗಳಷ್ಟೇ ಪಡೆಯಬಹುದು. ಮೊದಲು 1,200, ಹೆಚ್ಚುವರಿ 120 ಎಂದು ಕೇಳಿದರೆ ಹೆಚ್ಚೆಂದರೆ 3,000 ಸಿಲಿಂಡರ್ ಸಿಗುತ್ತದೆ. ಹೆಚ್ಚುವರಿ ಕೇಳದೆ ಮೊದಲ ಪಾಲು ತುಂಬಿದರೆ ‘ಡಿ37’ ದೋಷ, ಡಿಸ್ಕಿನಲ್ಲಿ ಜಾಗವೇ ಮುಗಿದರೆ ಅಥವಾ ತುಂಡುಗಳ ಮಿತಿ ಮುಟ್ಟಿದರೆ ‘ಬಿ37’ ದೋಷ. ಎರಡರಲ್ಲೂ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ತಿಂಗಳ ಕೊನೆಯ ರಾತ್ರಿ ಹೀಗಾದರೆ ಅದರ ಹಿಂದಿರುವ ಕೆಲಸಗಳೂ ಕಾಯಬೇಕು. ಬೆಳಿಗ್ಗೆ ಗ್ರಾಹಕರ ಖಾತೆಯಲ್ಲಿ ಹಳೆಯ ಮೊತ್ತವೇ ಕಾಣಬಹುದು.

ಹಾಗಾದರೆ ಸುಮ್ಮನೆ ಹತ್ತು ಪಟ್ಟು ಕೇಳಿಬಿಟ್ಟರಾಯಿತೇ? ಇಲ್ಲ. ತಾತ್ಕಾಲಿಕ ಜಾಗ ಎಲ್ಲ ಕೆಲಸಗಳಿಗೂ ಸೇರಿದ್ದು. ಒಬ್ಬರು ಬಾಚಿಕೊಂಡರೆ ಉಳಿದವರಿಗೆ ಇಲ್ಲ. ಕೇಳಿದ ಮೊದಲ ಪಾಲು ಸಿಗದಿದ್ದರೆ ಕೆಲಸ ಶುರುವಾಗುವುದೇ ಇಲ್ಲ. ಇನ್ನೊಂದು ಎಚ್ಚರ: ಕಂಪ್ರೆಸ್ ಮಾಡಿದ ಫೈಲ್ ಓದುವಾಗ ಹಿಗ್ಗುತ್ತದೆ. ಅದರ ಡಿಸ್ಕ್ ಗಾತ್ರ ನೋಡದೆ ದಾಖಲೆಗಳ ಸಂಖ್ಯೆಯಿಂದಲೇ ಲೆಕ್ಕ ಹಾಕಬೇಕು. ಮಾಮೂಲಿ ದಿನದ ಬದಲು ಅತಿ ಹೆಚ್ಚು ದಾಖಲೆ ಬರುವ ದಿನವನ್ನು ಅಳತೆಗೆ ಹಿಡಿಯಬೇಕು.

ಒಟ್ಟಿನಲ್ಲಿ, ಬ್ಯಾಂಕಿನ ಸೇವೆ ತಡವಾಯಿತು ಎಂದ ಮಾತ್ರಕ್ಕೆ ಹ್ಯಾಕ್ ಆಗಿದೆ ಎಂದಲ್ಲ. ಅಂಥ ಸಂದೇಶ ಬಂದರೆ ಫಾರ್ವರ್ಡ್ ಮಾಡುವ ಮೊದಲು ಬ್ಯಾಂಕಿನ ಅಧಿಕೃತ ಪ್ರಕಟಣೆ ನೋಡಿ.